ಅಟ್ಟದ ಮೇಲಿನ ಮಹಾಪ್ರಬಂಧ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ನಗೆಪ್ರಸಂಗ ಹೇಳಲು ಬರುವುದಿಲ್ಲ. ಮನೆಯಲ್ಲಿ ನಾನು ತಮಾಷೆ ಹೇಳಲು ಶುರು ಮಾಡಿದರೆ ಅಮ್ಮ ಎದ್ದು ಹೋಗಿ ಒಲೆಯ ಮೇಲೆ ಅನ್ನಕ್ಕಿಟ್ಟು ಬರುತ್ತಾರೆ. ಅನ್ನ ಬೆಂದು, ಬಸಿದು, ತಟ್ಟೆಗೆ ಬಂದರೂ ನಾನು ಪೀಠಿಕೆಯಲ್ಲೇ ಇರುತ್ತೇನೆ. ಇದಕ್ಕೆ ಕಾರಣ ನನ್ನ ಓದು. ನಾನು ಸಮಕಾಲೀನ ಕಲೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸಮಕಾಲೀನ ಕಲೆ ಅಂದರೆ ಈಗ ನಡೆಯುತ್ತಿರುವ ಕಲೆ. ಈಗ ನಡೆಯುತ್ತಿರುವುದೆಲ್ಲ ಕಲೆ ಅಂತ ಅರ್ಥವಲ್ಲ. ಆದರೆ ಎಷ್ಟೋ ಸಲ ಹಾಗೂ ಆಗುತ್ತದೆ, ತೊಂದರೆ ಇರುವುದೇ ಅಲ್ಲಿ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ನೋಂದಣಿಯ ಅವಧಿ ಮುಗಿದು, ವಿಸ್ತರಣೆ ಸಿಕ್ಕಿ, ಆ ವಿಸ್ತರಣೆಯೂ ಮುಗಿದು, ಈಗ ವಿಸ್ತರಣೆಯ ವಿಸ್ತರಣೆಯಲ್ಲಿ ಇದ್ದೇನೆ. ಈ ತಿಂಗಳ ಕೊನೆಯೊಳಗೆ ಪರೀಕ್ಷಕರ ಸಹಿ ಬೀಳದಿದ್ದರೆ ನೋಂದಣಿ ರದ್ದು. ಓದಿದ್ದೆಲ್ಲ ಹೊಳೆಗೆ. ಊರು ಮಾಯಸಂದ್ರದಿಂದ ಸ್ವಲ್ಪ ಒಳಗೆ. ತೆಂಗಿನ ತೋಟದಲ್ಲಿ ಕೂತು ಮೊಬೈಲಿನಲ್ಲಿ ದೇಶವಿದೇಶದ ಕಲಾಪ್ರಪಂಚದ ಬೆನ್ನು ಹತ್ತಿದವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಗು ಬರದಿದ್ದರೆ ತಪ್ಪು ನಡೆದ ಸಂಗತಿಯದಲ್ಲ, ನನ್ನದು.

೧. ಬಿಟ್ಟವರು

ನಮ್ಮ ಪಕ್ಕದ ಮನೆ ದೊಡ್ಡಪ್ಪನದು, ಅಂದರೆ ಅಪ್ಪನ ಅಣ್ಣನದು. ಅಪ್ಪ ತೀರಿಕೊಂಡ ಮೇಲೆ ಎರಡೂ ಮನೆಯ ತೋಟ ನೋಡಿಕೊಳ್ಳುವವರು ಅವರೇ. ಒಂದು ದಿನ ಅವರು ಟ್ರ್ಯಾಕ್ಟರಿಗೆ ಹೊಸ ಟ್ರೇಲರ್ ಮಾಡಿಸಿ ತಂದರು.

"ಹಿಂದ್ಗಡೆ ತಗಡಿನ ಮ್ಯಾಲೆ ಒಂದು ಬಸವಣ್ಣನ್ನ ಬರ್ಕೊಡು ಕಣ್ಲಾ" ಅಂದರು.

"ದೊಡ್ಡಪ್ಪ, ನಾನು ಚಿತ್ರ ಬರೆಯೋದಿಲ್ಲ."

"ಕಲೆ ಓದ್ತೀನಿ ಅಂತೀಯಲ್ಲೋ?"

ನಾನು ವಿವರಿಸಿದೆ. ಈಗ ಕಲೆ ಅಂದರೆ ಕೈಕೆಲಸವಲ್ಲ, ಪರಿಕಲ್ಪನೆ. ಮುಖ್ಯವಾದದ್ದು ಆಲೋಚನೆ. ಚಿತ್ರ ಬರೆಯುವುದನ್ನು ನಮ್ಮಂಥವರು ಯಾವತ್ತೋ ಬಿಟ್ಟಿದ್ದೇವೆ. ಅವರು ಟ್ರೇಲರಿನ ಚಕ್ರಕ್ಕೆ ಒರಗಿಕೊಂಡು ಪೂರ್ತಿ ಕೇಳಿದರು. ನನ್ನ ಮಾತನ್ನು ಪೂರ್ತಿ ಕೇಳುವವರು ಕಮ್ಮಿ, ಅದಕ್ಕೇ ನನಗೆ ದೊಡ್ಡಪ್ಪನ ಮೇಲೆ ಗೌರವ.

"ಅಂದ್ರೆ ಬರಿಯಾಕೆ ಬತ್ತದೆ, ಆದ್ರೆ ಬುಟ್ಟಿದ್ದೀಯ."

"ಹೂಂ."

"ನಾನೂ ಬೀಡಿ ಬುಟ್ಟೋನೇ ಕಣ್ಲಾ. ಅನುಮಾನ ಇದ್ರೆ ಒಂದು ತತ್ತಾ, ಈಗ್ಲೇ ಸೇದಿ ತೋರುಸ್ತೀನಿ. ಹಂಗೇ ನೀನೂ ಒಂದು ಬಸವಣ್ಣನ್ನ ಬರ್ದು ತೋರ್ಸು, ಆಮ್ಯಾಕೆ ಬುಟ್ಬುಡು."

ಮಾನದ ಪ್ರಶ್ನೆ. ಬಣ್ಣ ತಂದು, ಬಿಸಿಲಲ್ಲಿ ಕೂತು, ಸಂಜೆಯವರೆಗೆ ಬರೆದೆ. ದೊಡ್ಡಪ್ಪ ಬಂದು ಒಂದು ಸಲ ಹತ್ತಿರದಿಂದ, ಒಂದು ಸಲ ದೂರದಿಂದ, ಒಂದು ಸಲ ಕತ್ತು ಓರೆ ಮಾಡಿಕೊಂಡು ನೋಡಿದರು.

"ನೀನು ಬುಟ್ಟಿದ್ದೇ ಒಳ್ಳೇದಾಯ್ತು ಬುಡು" ಅಂದರು.

೨. ಮಟ್ಟೆ ರಾಶಿ

ಆಮೇಲೆ ಒಂದು ಸಲ ದೊಡ್ಡಪ್ಪನನ್ನು ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಆವತ್ತೇ ಒಂದು ಗ್ಯಾಲರಿಯಲ್ಲಿ ಹೆಸರಾದ ಕಲಾವಿದರೊಬ್ಬರ ಪ್ರದರ್ಶನದ ಉದ್ಘಾಟನೆ ಇತ್ತು. ಕಲಾಪ್ರಪಂಚವನ್ನು ಹಿಂಬಾಲಿಸುವವನು ಉದ್ಘಾಟನೆ ತಪ್ಪಿಸಬಾರದು; ಅಲ್ಲಿ ಕೃತಿಯನ್ನು ಯಾರೂ ನೋಡುವುದಿಲ್ಲ, ಆದರೆ ನಾವು ಬಂದಿದ್ದನ್ನು ಎಲ್ಲರೂ ನೋಡುತ್ತಾರೆ. ದೊಡ್ಡಪ್ಪನನ್ನೂ ಕರೆದುಕೊಂಡು ಹೋದೆ.

ದೊಡ್ಡ ಬಿಳಿ ಕೋಣೆ. ನಡುವೆ, ಮೇಲಿನಿಂದ ದೀಪ ಬಿಟ್ಟು, ತೆಂಗಿನ ಮಟ್ಟೆಯ ರಾಶಿ. ಕಾಯಿ ಸುಲಿದ ಮೇಲೆ ಉಳಿಯುತ್ತದಲ್ಲ, ನಾವು ನೀರೊಲೆಗೆ ಹಾಕುತ್ತೇವಲ್ಲ, ಅದೇ ಮಟ್ಟೆ. ಗೋಡೆಯ ಮೇಲೆ ವಿವರಣೆ: "ಬೇರು ಕಳಚಿದ ದೇಹಗಳ ನೆನಪು." ನಾನು ವಿವರಣೆ ಓದುತ್ತಾ ನಿಂತೆ. ಓದಿ ಮುಗಿಸಿ ತಿರುಗಿ ನೋಡಿದರೆ ದೊಡ್ಡಪ್ಪ ಚಪ್ಪಲಿ ಬಿಟ್ಟು, ಪಂಚೆ ಮೇಲಕ್ಕೆತ್ತಿ, ರಾಶಿಯ ಮೇಲೆ ಕೂತಿದ್ದಾರೆ. ಅವರದೇನೂ ತಪ್ಪಿಲ್ಲ. ಊರಿನಲ್ಲಿ ಮಟ್ಟೆ ರಾಶಿ ಇರುವುದೇ ಕೂರುವುದಕ್ಕೆ.

ಅಲ್ಲಿನ ಕಾವಲುಗಾರ ಓಡಿ ಬಂದ. ಬಂದವನು ಅರ್ಧದಲ್ಲೇ ನಿಂತ. ಯಾಕೆಂದರೆ ಅಷ್ಟರಲ್ಲಿ ಜನ ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಇವರು ಕೃತಿಯ ಭಾಗ ಹೌದೋ ಅಲ್ಲವೋ ಅಂತ ಅವನಿಗೆ ಗೊತ್ತಾಗಲಿಲ್ಲ. ಕೇಳಿದರೆ ಕಲೆ ಗೊತ್ತಿಲ್ಲದವನು ಅಂದುಕೊಂಡಾರು ಅಂತ ಸುಮ್ಮನಾದ. ಜನರಿಗೂ ಅದೇ ಭಯ. ನನಗೂ ಅದೇ ಭಯ, ಆದರೆ ನನಗೆ ಉತ್ತರ ಗೊತ್ತಿತ್ತು.

ಹತ್ತಿ ಸೀರೆಯ ಒಬ್ಬ ಹೆಂಗಸು ಬಗ್ಗಿ ಮೆಲ್ಲಗೆ ಕೇಳಿದರು: "ನಿಮಗೆ ಇಲ್ಲಿ ಏನು ಅನುಭವ ಆಗ್ತಾ ಇದೆ?"

"ಏನಿಲ್ಲ ಕಣವ್ವ. ಯಾರೋ ತಿಳೀದೋನು ಪೇರ್ಸವ್ನೆ. ಎಲ್ಲಾನೂ ಬೋರಲು ಹಾಕ್ಬೇಕು. ಹಿಂಗೆ ಅಂಗಾತ ಹಾಕುದ್ರೆ ನೀರು ನಿಂತು ಸೊಳ್ಳೆ ಆಯ್ತವೆ."

ಕಲಾವಿದರು ಪಕ್ಕದಲ್ಲೇ ಇದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೆ ಅವರು ಸಿಟ್ಟಾಗಲಿಲ್ಲ, ತಲೆಯಾಡಿಸಿ ಹೋದರು. ಮುಂದಿನ ಪ್ರದರ್ಶನ ಬೇರೆ ಊರಿನಲ್ಲಿ ನಡೆಯಿತು. ಅಲ್ಲಿ ಮಟ್ಟೆಗಳಲ್ಲಿ ನೀರು ನಿಲ್ಲಿಸಿದ್ದರಂತೆ. ಸೊಳ್ಳೆಗಳೂ ಇದ್ದವಂತೆ. ವಿಮರ್ಶಕರು ವಿಶೇಷವಾಗಿ ಸೊಳ್ಳೆಗಳನ್ನು ಹೊಗಳಿದ್ದರು.

೩. ಕೃತಜ್ಞತೆ

ಪ್ರಬಂಧದ ಮೊದಲಿಗೆ ಕೃತಜ್ಞತೆಯ ಪುಟ ಅಂತ ಒಂದಿರುತ್ತದೆ. ನೆರವಾದವರನ್ನು ನೆನೆಯುವ ಪುಟ. ನಾನು ನಮ್ಮ ಗೈಡ್ ಮೇಡಂ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ಇಷ್ಟು ಹೆಸರು ಬರೆದು ತುರುವೇಕೆರೆಯ ಡಿಟಿಪಿ ಅಂಗಡಿಗೆ ಕೊಟ್ಟೆ. ಆ ಅಂಗಡಿಯವರು ವರ್ಷವಿಡೀ ಮದುವೆ ಪತ್ರಿಕೆ ಮಾಡುವವರು. ಅವರ ಕಂಪ್ಯೂಟರಿನಲ್ಲಿ ಹೆಸರುಗಳ ಪಟ್ಟಿ ಅಂದರೆ ಒಂದೇ ಮಾದರಿ. ಮರುದಿನ ನೋಡಿದರೆ ಪುಟದ ನೆತ್ತಿಯಲ್ಲಿ ಮನೆದೇವರು ಪ್ರಸನ್ನ, ಎರಡೂ ಪಕ್ಕ ಬಾಳೆಕಂಬ, ಕೆಳಗೆ "ತಮ್ಮ ಆಗಮನವನ್ನು ಬಯಸುವ" ಅಂತ ನಮ್ಮ ಮೇಡಂ ಹೆಸರು.

ತಿದ್ದಿಸೋಣ ಅಂತ ಮನೆಗೆ ತಂದಿಟ್ಟೆ. ಅದೇ ತಪ್ಪಾಯಿತು. ಅಮ್ಮ ಕನ್ನಡಕ ಹಾಕಿಕೊಂಡು ಓದಿದರು.

"ಏನೋ ಇದು, ನಿನ್ನ ಸೋದರಮಾವನ ಹೆಸ್ರೇ ಇಲ್ವಲ್ಲೋ?"

"ಅವರು ನನ್ನ ಸಂಶೋಧನೆಗೆ ಏನು ಮಾಡಿದ್ದಾರಮ್ಮ?"

"ದೊಡ್ಡಪ್ಪ ಏನ್ ಮಾಡವ್ರೆ? ಅವರ ಹೆಸ್ರು ಹಾಕಿ ಇವರದ್ದು ಬಿಟ್ರೆ ನಾನು ತವರಿನ ಬಾಗ್ಲು ತುಳಿಯಂಗಿಲ್ಲ."

ಸುದ್ದಿ ಅಷ್ಟರಲ್ಲಿ ಹೋಗಿತ್ತು. ಸಂಜೆಗೇ ಸೋದರಮಾವ ಬೈಕಿನಲ್ಲಿ ಬಂದರು. ಕಾಫಿ ಮುಟ್ಟಲಿಲ್ಲ.

"ನನ್ ಹೆಸ್ರು ಹಾಕ್ಲೇಬೇಕು ಅಂತ ನಾನು ಹೇಳಲ್ಲ. ಹಾಕ್ದೆ ಇದ್ರೆ ನಾನು ನಿನ್ ಪ್ರಬಂಧ ಓದಲ್ಲ, ಅಷ್ಟೆ."

"ಮಾವ, ನೀವು ಹೇಗೂ ಓದಲ್ಲ."

"ಓದ್ದೆ ಇರೋದು ಬೇರೆ, ಓದಲ್ಲ ಅಂತ ಕೂರೋದು ಬೇರೆ ಕಣಪ್ಪ."

ಹೆಸರು ಸೇರಿತು. ಅವರದು ಸೇರಿದ ಮೇಲೆ ಚಿಕ್ಕಮಾವನದು, ಅವರ ಬೀಗರದು, ಮೊಮ್ಮಕ್ಕಳು "ಚಿಳ್ಳೆಪಿಳ್ಳೆಗಳು" ಅಂತ ಒಂದು ಸಾಲು. ಹಿರಿತನದ ಕ್ರಮ ತಪ್ಪಿತೆಂದು ಎರಡು ಸಲ ತಿದ್ದಾಯಿತು. ಕೊನೆಗೆ ಅದು ಪುಟ ಹೋಗಿ ಅಧ್ಯಾಯವಾಯಿತು. ಮೇಡಂಗೆ ಕಳಿಸಿದೆ. ಅವರು ಫೋನ್ ಮಾಡಿದರು.

"ನಾನು ನಿನ್ನ ಪ್ರಬಂಧ ಪೂರ್ತಿ ಓದಿದೆ. ನೀನೇ ಯೋಚನೆ ಮಾಡಿ ಬರೆದದ್ದು ಅನ್ನಿಸಿದ್ದು ಇದೊಂದೇ ಅಧ್ಯಾಯ."

೪. ಹಸಿ ಮಾತು

ಇದು ಕೊನೆಯದು, ಸ್ವಲ್ಪ ಉದ್ದ. ನಮ್ಮ ವಿಭಾಗದಲ್ಲಿ ಪ್ರಬಂಧದ ಜೊತೆಗೆ ಒಂದು ಕೃತಿಯನ್ನೂ ಮಾಡಿ ತೋರಿಸಬೇಕು. ಹೊರಗಿನ ಪರೀಕ್ಷಕರು ಅದು ಇರುವಲ್ಲಿಗೇ ಬಂದು ನೋಡಿ ಸಹಿ ಹಾಕುತ್ತಾರೆ. "ಸಮುದಾಯದ ಜೊತೆ ಸೇರಿ ಏನಾದರೂ ಮಾಡು, ಈಗ ಎಲ್ಲ ಕಡೆ ಅದೇ ನಡೀತಿರೋದು" ಅಂದರು ಮೇಡಂ.

ನಮ್ಮ ಸಮುದಾಯದಲ್ಲಿ ಏನಿದೆ? ಕೊಬ್ಬರಿ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಸುಮ್ಮನೆ ಬಿಡುತ್ತೇವೆ. ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಇಳಿಸಿ ಸುಲಿದು ಒಡೆದರೆ ಇಡೀ ಉಂಡೆ ಸಿಗುತ್ತದೆ. ಮುಂಚೆಯೇ ಇಳಿಸಿದರೆ ಹಸಿ, ಕೆಲಸಕ್ಕೆ ಬಾರದು.

ನನಗೆ ಹೊಳೆದದ್ದು ಇಷ್ಟು. ಒಬ್ಬೊಬ್ಬರೇ ನಮ್ಮ ಅಟ್ಟ ಹತ್ತಬೇಕು, ಯಾರಿಗೂ ಹೇಳದ ಒಂದು ಮಾತನ್ನು ಅಲ್ಲಿಟ್ಟ ಮೊಬೈಲಿಗೆ ಹೇಳಿ ಇಳಿಯಬೇಕು. ನಾನು ಆ ದನಿಗಳನ್ನು ಕಾಯಿಗಳ ನಡುವೆ ಸಣ್ಣ ಸ್ಪೀಕರ್ ಅಡಗಿಸಿ ಕೇಳಿಸುತ್ತೇನೆ. ನೋಡುವವರು ಕೆಳಗೆ ನಿಂತಿರುತ್ತಾರೆ; ಅಟ್ಟದ ಬಿದಿರಿನ ಸಂದಿಯಿಂದ ಮಾತು ಇಳಿದು ಬರುತ್ತದೆ. ಮೇಡಂ "ಮೌನದಲ್ಲಿ ಮಾಗುವ ಸಮುದಾಯದ ಸ್ಮೃತಿ" ಅಂತ ಅದಕ್ಕೆ ಹೆಸರನ್ನೂ ಕೊಟ್ಟರು. ಒಂದು ನಿಯಮವನ್ನೂ ಹಾಕಿದರು: ಸಂಶೋಧಕ ತಲೆ ಹಾಕಬಾರದು, ಧ್ವನಿಯನ್ನು ಮೊದಲೇ ಕೇಳಬಾರದು, ಕತ್ತರಿಸಬಾರದು.

ಹತ್ತುವ ಮೊದಲು ಪ್ರತಿಯೊಬ್ಬರಿಗೂ ನಾನು ಒಪ್ಪಿಗೆಯ ಷರತ್ತುಗಳನ್ನು ಓದಿ ಹೇಳಿದೆ. ಈ ಧ್ವನಿಯನ್ನು ಎಲ್ಲರ ಮುಂದೆ ಕೇಳಿಸಲಾಗುತ್ತದೆ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಆ ವಾಕ್ಯ ಬಂದದ್ದು ಕೊನೆಗೆ. ಅದರ ಮೊದಲು ಸಮುದಾಯ ಅಂದರೇನು, ಸ್ಮೃತಿ ಅಂದರೇನು ಅಂತ ನಾನು ವಿವರಿಸಿದ್ದೆ. ದೊಡ್ಡಪ್ಪ "ಎಲ್ಲ ಒಪ್ಗೆ ಕಣ್ಲಾ, ದಾರಿ ಬುಡು" ಅಂತ ಏಣಿ ಹತ್ತಿದರು. ಎಲ್ಲರೂ ಹಾಗೇ ಹತ್ತಿದರು.

ಪರೀಕ್ಷಕರು ಬೆಂಗಳೂರಿನಿಂದ ಕಪ್ಪು ಜುಬ್ಬದಲ್ಲಿ ಬಂದರು. ಎಳನೀರು ಕುಡಿದರು. ಕಣ್ಣು ಮುಚ್ಚಿ ಅಟ್ಟದ ಕೆಳಗೆ ನಿಂತರು. ಪಕ್ಕದಲ್ಲಿ ಮೇಡಂ, ಹಿಂದೆ ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ದೊಡ್ಡವರೆಲ್ಲ ಹುಡುಗಿ ಅನ್ನುವ ಪಕ್ಕದ ತೋಟದ ಅಕ್ಕ, ಊರಿನ ಒಂದಷ್ಟು ಜನ. ನಾನು ಮೊಬೈಲ್ ಒತ್ತಿದೆ. ಮೇಲಿನಿಂದ ಅಶರೀರವಾಣಿಯಂತೆ ದೊಡ್ಡಪ್ಪನ ದನಿ ಇಳಿಯಿತು.

"ನಮ್ಮನೆಯವ್ಳು ನಂಗೆ ಬಿಪಿ ಅಂತ ಸಾರಿಗೆ ಉಪ್ಪೇ ಹಾಕಲ್ಲ. ನಾನು ಪಕ್ಕದ ತೋಟದ ಹುಡ್ಗಿ ತಾವ ಉಪ್ಪಿನ್ಕಾಯಿ ಈಸ್ಕೊಂಡು ಪಂಪ್‌ಹೌಸಲ್ಲಿ ಮಡಗಿವ್ನಿ. ಆದ್ರೆ ಆ ಹುಡ್ಗಿಗೆ ಕೈರುಚಿ ಇಲ್ಲ. ಬರೀ ಸಪ್ಪೆ."

ದೊಡ್ಡಪ್ಪನ ಮುಖ ನೋಡಬೇಕಿತ್ತು. "ಏಯ್, ನಿಲ್ಸ್ಲಾ! ಅಟ್ಟಕ್ಕೆ ಹಾಕಿ ಹದಿನೈದು ದಿನಾನೂ ಆಗಿಲ್ಲ, ಆಗ್ಲೇ ಇಳಿಸ್ತೀಯಲ್ಲೋ! ಇನ್ನೂ ಹಸಿ ಐತೆ ಕಣ್ಲಾ!"

ಆಗ ನನಗೆ ಅರ್ಥವಾಯಿತು. ಅಟ್ಟಕ್ಕೆ ಹಾಕಿದ್ದನ್ನು ನಮ್ಮ ಕಡೆ ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ಮಾತಿಗೂ ಅದೇ ಲೆಕ್ಕ ಅಂತ ಎಲ್ಲರೂ ಧೈರ್ಯವಾಗಿ ಹೇಳಿ ಇಳಿದಿದ್ದರು. ಅಷ್ಟರೊಳಗೆ ಜಗಳದ ಕಾರಣಗಳೆಲ್ಲ ತಾವಾಗಿ ಇಂಗಿಹೋಗಿರುತ್ತವೆ ಅಂತ.

ನಿಲ್ಲಿಸಲು ಹೋದೆ. ಪರೀಕ್ಷಕರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತಡೆದರು. ದೊಡ್ಡಮ್ಮನ ದನಿ ಬಂತು.

"ಇವ್ರು ಪಂಪ್‌ಹೌಸಲ್ಲಿ ಉಪ್ಪಿನ್ಕಾಯಿ ಬಚ್ಚಿಟ್ಟಿರೋದು ನಂಗೊತ್ತು. ವಾರ ವಾರ ಹೋಗಿ ಅದನ್ನ ನಾನು ತಿಂದು, ಉಪ್ಪಿಲ್ದೆ ಬೇಯಿಸಿದ ಮಾವಿನ ಹೋಳು ತುಂಬಿ ಬತ್ತೀನಿ. ಆ ಹುಡ್ಗಿ ಉಪ್ಪಿನ್ಕಾಯಿ ಭಾಳ ಚೆನ್ನಾಗಿ ಹಾಕ್ತಾಳೆ."

"ಅದ್ಕೇ ಸಪ್ಪೆ!" ಅಂತ ದೊಡ್ಡಪ್ಪ ತಿರುಗಿದರು. "ನಂಗೆ ಕೈರುಚಿ ಇಲ್ಲ ಅಂದ್ರಾ?" ಅಂತ ಅಕ್ಕ ದೊಡ್ಡಪ್ಪನ ಕಡೆ ತಿರುಗಿದಳು. ಅವಳು ಇನ್ನೂ ಹೇಳುವವಳಿದ್ದಳು, ಅಷ್ಟರಲ್ಲಿ ಮೇಲಿನಿಂದ ಅವಳದೇ ದನಿ.

"ಬೇಲಿ ಪಕ್ಕದ ಮರ ದೊಡ್ಡಪ್ಪಾರದ್ದೇ. ಅದರ ಕಾಯಿ ನಮ್ ತೋಟಕ್ಕೆ ಬಿದ್ರೆ ಎತ್ತಿ ಅವರ ಕಡೆ ಎಸೀತೀನಿ ಅಂತ ಮಾತು ಕೊಟ್ಟಿವ್ನಿ. ಮಾತು ತಪ್ಪಿಲ್ಲ. ಸಣ್ಣವು ಎಸೀತೀನಿ."

ಆಮೇಲೆ ಯಾರು ಯಾರಿಗೆ ಏನಂದರು ಅಂತ ಹೇಳಲಾರೆ. ಮೇಲೊಂದು ಜಗಳ, ಕೆಳಗೊಂದು ಜಗಳ. ಪರೀಕ್ಷಕರು ಕಣ್ಣು ತೆರೆದು ನನ್ನ ಕಿವಿಯಲ್ಲಿ ಕೇಳಿದರು: "ಇವರಿಗೆ ಎಷ್ಟು ದಿನ ತರಬೇತಿ ಕೊಟ್ಟಿರಿ?"

"ತರಬೇತಿ ಇಲ್ಲ ಸರ್. ಅವರು ನಮ್ಮ ದೊಡ್ಡಪ್ಪ."

"ಅದ್ಭುತ" ಅಂದರು. ಆಗಲೇ ಅಮ್ಮನ ದನಿ ಬಂತು. ಜಗಳವಾಡುತ್ತಿದ್ದವರೆಲ್ಲ ಅಟ್ಟದ ಕಡೆ ಮುಖ ಎತ್ತಿದರು.

"ನನ್ ಮಗ ಏನು ಓದ್ತಾನೆ ಅಂತ ನಂಗೆ ಗೊತ್ತಿಲ್ಲ. ಅವನು ಹೇಳ್ತಾನೆ, ನಾನು ಹೂಂ ಅಂತೀನಿ. ಯಾರೋ ಪರೀಕ್ಷೆ ಮಾಡೋರು ಬತ್ತಾರಂತೆ. ಅವ್ರಿಗೂ ಗೊತ್ತಿರಕ್ಕಿಲ್ಲ, ಪಾಪ. ಅವ್ರೂ ಯಾರಿಗೋ ಹೂಂ ಅಂದೇ ಮ್ಯಾಲೆ ಬಂದಿರ್ತಾರೆ. ಒಂದು ಸಹಿ ಹಾಕಿ ಹೋದ್ರೆ ಸಾಕು, ಊಟ ಹಾಕಿ ಕಳಿಸ್ತೀನಿ."

ಪರೀಕ್ಷಕರು ಊಟಕ್ಕೆ ಕೂತರು. ಎರಡನೇ ಸಲ ಮುದ್ದೆ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಹೇಳಿದರು: "ಕೃತಿ ನನಗೆ ಒಪ್ಪಿಗೆ. ಆದರೆ ಪ್ರಬಂಧದಲ್ಲಿ ಒಂದು ಅಧ್ಯಾಯ ಬಾಕಿ. ಸಮುದಾಯದ ಪ್ರತಿಕ್ರಿಯೆ. ಇದೇ ಜನ, ಇದೇ ಅಟ್ಟದಲ್ಲಿ, ಈ ಕೃತಿಯ ಬಗ್ಗೆ ಏನು ಹೇಳ್ತಾರೆ ಅನ್ನೋದು ಬೇಕು. ಅದಿಲ್ಲದೆ ಸಹಿ ಹಾಕೋಕೆ ಆಗಲ್ಲ."

ಅಂದರೆ ನನ್ನ ಕಥೆ ಮುಗಿದ ಹಾಗೆ. ಯಾಕೆಂದರೆ ಅವರ ಕಾರು ಹೊರಟ ಕೂಡಲೇ ದೊಡ್ಡಪ್ಪ ಏಣಿ ಹೊತ್ತುಕೊಂಡು ಹೋಗಿ ತಮ್ಮ ಮನೆಯಲ್ಲಿ ಬೀಗ ಹಾಕಿಟ್ಟರು. "ಇನ್ನು ಆ ಅಟ್ಟ ಹತ್ತಿದ್ರೆ ಕೇಳು" ಅಂದರು. ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟರು. ಪಕ್ಕದ ತೋಟದ ಅಕ್ಕ ಬೇಲಿಗೆ ಇನ್ನೊಂದು ಸಾಲು ಮುಳ್ಳು ಹಾಕಿಸಿದಳು. ಮನೆಮನೆಗೆ ಹೋಗಿ ಪ್ರತಿಕ್ರಿಯೆ ಅಂದರೇನು ಅಂತ ವಿವರಿಸಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ತಿಂಗಳು ಮುಗಿಯುತ್ತಾ ಬಂದಿದೆ. ಮಾಡಲು ಬೇರೆ ಕೆಲಸವಿಲ್ಲದೆ ಬೆಳಿಗ್ಗೆಯಿಂದ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ನಗುವಂಥದ್ದು ಏನು ಅಂತ ನೀವು ಕೇಳಬಹುದು. ವಿವರಿಸುತ್ತೇನೆ. ಸಮಕಾಲೀನ ಕಲೆಯಲ್ಲಿ ಪ್ರತಿಕ್ರಿಯೆ ಅನ್ನುವುದಕ್ಕೆ ಮೂರು ಹಂತಗಳಿವೆ. ಮೊದಲನೆಯದು ನಿರಾಕರಣೆ, ಅಂದರೆ ನೋಡಿದವರು ಕೃತಿಯನ್ನು ಒಪ್ಪದೆ ಸುಮ್ಮನಾಗುವುದು. ಎರಡನೆಯದು,

"ಲೇ! ಏನ್ಲಾ ಬರೀತಾ ಕೂತಿದ್ದೀಯ? ಎದ್ದು ಬಾ ಇತ್ಲಾಗೆ!"

ಒಂದು ನಿಮಿಷ. ದೊಡ್ಡಮ್ಮ. ಏಣಿ ಹೊತ್ತುಕೊಂಡು ಬರುತ್ತಿದ್ದಾರೆ.

"ನಿಮ್ ದೊಡ್ಡಪ್ಪ ಬೀಗದ ಕೈ ಮರ್ತು ತೋಟಕ್ಕೆ ಹೋದ್ರು. ನಾನು ಸುಮ್ಕಿದ್ರೆ ಉಪ್ಪಿನ್ಕಾಯಿ ಕಳ್ಳಿ ಅಂತ್ಲೇ ಆ ಬೆಂಗ್ಳೂರೋರು ಬರ್ಕೊಂಡೋಯ್ತಾರೆ. ನಂದೂ ಒಂದು ಮಾತೈತೆ, ಏಣಿ ಹಿಡ್ಕೊ. ಬಿರ್ರನೆ ಬಾರ್ಲಾ, ಆ ಪಕ್ಕದ ತೋಟದೋಳು ಅವರ ಮನೆ ಏಣಿ ತತ್ತಾವ್ಳೆ!"

ಬೇಲಿಯ ಮುಳ್ಳು ಸರಿಸಿಕೊಂಡು ಅಕ್ಕ ನಿಜವಾಗಿಯೂ ಬರುತ್ತಿದ್ದಾಳೆ. ಅವಳ ಹಿಂದೆ, ಬೀಗದ ಕೈ ಹುಡುಕಿಕೊಂಡು ಮನೆಗೆ ಬಂದವರಿರಬೇಕು, ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಓಡಿ ಬರುತ್ತಿದ್ದಾರೆ, "ಮೊದ್ಲು ನಂದು, ನಂದು ಮೊದ್ಲು" ಅಂತ. ಹೋಗುತ್ತೇನೆ. ಎರಡನೆಯ ಹಂತ ಏನೆಂದರೆ